ತಪಾಸಣೆಯ ಮರುದಿನ ಬನ್ನಿ

ಮಾರ್ಚ್ ಹನ್ನೊಂದು, ಮಂಗಳವಾರ. ಕಾರ್ಖಾನೆಯ ಊಟದ ಕೋಣೆಯ ಗೋಡೆಗೆ ಇವತ್ತು ಬೆಳಿಗ್ಗೆ ಒಂದು ಸೂಚನೆ ಅಂಟಿಸಿದ್ದಾರೆ: ಬರುವ ವಾರ ಗುರುವಾರ ಸ್ಥಳೀಯ ಉದ್ಯೋಗ ಆಯುಕ್ತರಿಂದ ಅನಿರೀಕ್ಷಿತ ತಪಾಸಣೆ ಇರುತ್ತದೆ, ಎಲ್ಲರೂ ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಹಾಜರಿರತಕ್ಕದ್ದು.

ಮಾನ್ಯ ಸ್ಥಳೀಯ ಉದ್ಯೋಗ ಆಯುಕ್ತರೇ,

ನನ್ನ ದೂರು ಒಂದು ಕುರ್ಚಿಯ ಬಗ್ಗೆ. ಅದರಲ್ಲಿ ಕೂತರೆ ನನ್ನ ಕಾಲು ನೆಲಕ್ಕೆ ತಾಗುವುದಿಲ್ಲ. ವರ್ಷಕ್ಕೆ ಒಂದು ದಿನ, ಅಂದರೆ ನೀವು ಬರುವ ದಿನ, ನನ್ನನ್ನು ಅದರಲ್ಲಿ ಕೂರಿಸುತ್ತಾರೆ. ನಿಮ್ಮ ಕಾರು ಗೇಟು ದಾಟಿದ ಮೇಲೆ ಎಬ್ಬಿಸುತ್ತಾರೆ. ನೀವು ಜಾರಿ ಮಾಡುತ್ತಿರುವ ಕಾನೂನಿನ ಪ್ರಕಾರ ಆ ಕುರ್ಚಿ ಈ ತಿಂಗಳ ಕೊನೆಗೆ ನನ್ನದಾಗಬೇಕು. ಆಗದಂತೆ ನೋಡಿಕೊಳ್ಳುವ ಏರ್ಪಾಡು ನಡೆದಿದೆ ಎಂದು ನನಗೆ ಗೊತ್ತು, ಕಂಪನಿಗೆ ಗೊತ್ತು, ನಿಮಗೂ ಗೊತ್ತಿರಬಹುದೆಂಬುದು ನನ್ನ ಅನುಮಾನ. ಮೂವರಿಗೆ ಗೊತ್ತಿರುವ ಸಂಗತಿಯನ್ನು ನಾಲ್ಕನೆಯವರಿಗೆ, ಎಂದರೆ ಪತ್ರಿಕೆ ಓದುವವರಿಗೆ, ತಿಳಿಸದೆ ಇರುವುದು ಸಭ್ಯತೆಯಲ್ಲ ಎನಿಸಿತು. ಆದ್ದರಿಂದ ಈ ಪತ್ರವನ್ನು ನಿಮ್ಮ ಕಚೇರಿಯ ಪೆಟ್ಟಿಗೆಗೆ ಹಾಕದೆ ಇಲ್ಲಿ ಹಾಕಿದ್ದೇನೆ.

ಓದುಗರಿಗಾಗಿ ಸ್ವಲ್ಪ ಹಿನ್ನೆಲೆ ಹೇಳಬೇಕು. ನಾನು ಕೆಲಸ ಮಾಡುವುದು ಒಂದು ವಿದೇಶಿ ಕಂಪನಿಯ ಗಾಜಿನ ಬಾಟಲಿ ಕಾರ್ಖಾನೆಯಲ್ಲಿ. ಮರಳು, ಸೋಡಾ, ಸುಣ್ಣಕಲ್ಲು, ಒಡೆದ ಬಾಟಲಿಗಳ ಚೂರು, ಇಷ್ಟನ್ನು ಒಂದು ದೊಡ್ಡ ಕುಲುಮೆಗೆ ಸುರಿಯುತ್ತೇವೆ. ಇನ್ನೊಂದು ತುದಿಯಲ್ಲಿ ಜೇನಿನಂತೆ ಮಂದವಾಗಿ ಗಾಜು ಇಳಿಯುತ್ತದೆ. ಕುಲುಮೆಯನ್ನು ಒಮ್ಮೆ ಹೊತ್ತಿಸಿದರೆ ವರ್ಷಗಟ್ಟಲೆ ಆರಿಸುವಂತಿಲ್ಲ. ಭಾನುವಾರ, ರಜೆ, ಮುಷ್ಕರ ಯಾವುದೂ ಅದಕ್ಕೆ ಅರ್ಥವಾಗುವುದಿಲ್ಲ. ಗೋಡೆಯಲ್ಲಿರುವ ಸಣ್ಣ ಕಿಂಡಿಗೆ ಕಡುನೀಲಿ ಗಾಜು ಹಿಡಿದು ಒಳಗೆ ನೋಡಿ, ಉರಿಯ ಬಣ್ಣ ಹೇಗಿದೆ, ಮೇಲ್ಮೈಯಲ್ಲಿ ನೊರೆ ಎಲ್ಲಿಯವರೆಗೆ ತೇಲಿ ಬಂದಿದೆ ಎಂದು ಅಂದಾಜು ಮಾಡಿ, ಕಾವು ಏರಿಸಬೇಕೋ ಇಳಿಸಬೇಕೋ ಹೇಳುವವರೊಬ್ಬರು ಬೇಕು. ಅವರೇ ಕುಲುಮೆಯ ಮುಖ್ಯಸ್ಥರು. ನಮ್ಮಲ್ಲಿ ಆ ಮುಖ್ಯಸ್ಥರು ಹೊರದೇಶದಿಂದ ಬಂದ ತಜ್ಞರು. ನಾನು ಅವರ ಸಹವರ್ತಿ.

ಸಹವರ್ತಿ ಎಂಬುದು ನಿಮ್ಮ ಕಾನೂನಿನ ಪದ. ಹೊರಗಿನ ಕಂಪನಿ ಹೊರಗಿನಿಂದ ತಜ್ಞರನ್ನು ಕರೆತರಲಿ, ಆದರೆ ಪ್ರತಿ ತಜ್ಞರ ಪಕ್ಕದಲ್ಲೂ ಒಬ್ಬ ಸ್ಥಳೀಯ ಸಹವರ್ತಿ ಇರಲಿ. ಐದು ವರ್ಷದಲ್ಲಿ ಕೆಲಸ ಕಲಿಯಲಿ. ಆಮೇಲೆ ತಜ್ಞರು ಮನೆಗೆ ಹೋಗಲಿ, ಸಹವರ್ತಿ ಕುರ್ಚಿಗೆ ಬರಲಿ. ಎಷ್ಟು ಸರಳ, ಎಷ್ಟು ಸುಂದರ! ಈ ಕಾನೂನನ್ನು ಬರೆದವರು ಯಾರೋ ಒಳ್ಳೆಯವರಿರಬೇಕು, ಕಾರ್ಖಾನೆಯೊಳಗೆ ಎಂದೂ ಕಾಲಿಟ್ಟವರಿರಲಿಕ್ಕಿಲ್ಲ. ಕಾರ್ಖಾನೆಯಲ್ಲಿ ನಮ್ಮನ್ನು ಸಹವರ್ತಿ ಎಂದು ಯಾರೂ ಕರೆಯುವುದಿಲ್ಲ. ನೆರಳು ಎನ್ನುತ್ತಾರೆ. "ಕುಲುಮೆ ನೆರಳು ಎಲ್ರೀ?" "ಈಗ ತಾನೆ ಟೀ ಕುಡಿಯೋಕೆ ಹೋಯ್ತು." ಅಚ್ಚು ವಿಭಾಗಕ್ಕೊಂದು ನೆರಳು, ಹಣಕಾಸಿಗೊಂದು ನೆರಳು, ಪ್ರಯೋಗಾಲಯಕ್ಕೊಂದು ನೆರಳು. ನಡು ಮಧ್ಯಾಹ್ನದಲ್ಲೂ ಇಷ್ಟು ಉದ್ದದ ನೆರಳುಗಳಿರುವ ಜಾಗ ಇನ್ನೊಂದಿಲ್ಲ.

ನನ್ನ ತಜ್ಞರ ಬಗ್ಗೆ ನಾನು ಕೆಟ್ಟದ್ದು ಹೇಳುವುದಿಲ್ಲ, ಹೇಳುವಂಥದ್ದು ಇಲ್ಲ. ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ ಮನುಷ್ಯ. ಕುಲುಮೆಯ ಕೆಲಸಗಾರರು ಅವರಿಗೆ ಉದ್ದಣ್ಣ ಎಂದು ಹೆಸರಿಟ್ಟಿದ್ದಾರೆ. ನಮ್ಮ ಭಾಷೆಯನ್ನು ಅವರು ಕಲಿತದ್ದು ಅದೇ ಕೆಲಸಗಾರರಿಂದ. ಅವರು ಒಬ್ಬರನ್ನೊಬ್ಬರು 'ಲೇ' ಎಂದು ಪ್ರೀತಿಯಿಂದ ಕರೆಯುವುದನ್ನು ಕೇಳಿ, ಅದು ಗೌರವದ ಮಾತು ಎಂದು ತೀರ್ಮಾನಿಸಿದ್ದಾರೆ. ಹಾಗಾಗಿ ನನ್ನನ್ನು "ಲೇ ಮೇಡಮ್" ಎನ್ನುತ್ತಾರೆ. ದೊಡ್ಡವರನ್ನು ಕಂಡರೆ ಗೌರವ ಹೆಚ್ಚಿ ಎರಡು ಸಲ ಲೇ ಎನ್ನುತ್ತಾರೆ. ನಿಮ್ಮ ಹಿಂದಿನ ಆಯುಕ್ತರಿಗೆ ಅವರು ಕೈ ಮುಗಿದು ಸ್ವಾಗತ ಕೋರಿದ ಬಗೆ ನಿಮ್ಮ ಕಚೇರಿಯ ಹಳಬರಿಗೆ ನೆನಪಿರಬಹುದು. ತಪಾಸಣೆಯ ದಿನ ತಜ್ಞರನ್ನೆಲ್ಲ ವ್ಯಾನಿನಲ್ಲಿ ತುಂಬಿ ಊರ ಹೊರಗಿನ ಕೆರೆಗೆ ಮೀನು ಹಿಡಿಯಲು ಕಳಿಸುವ ಪದ್ಧತಿ ಶುರುವಾದದ್ದು ಅಲ್ಲಿಂದಲೇ. ಮೊದಲಿಗೆ ಮರ್ಯಾದೆ ಉಳಿಸಿಕೊಳ್ಳಲು ಕಳಿಸಿದರು. ಆಮೇಲೆ ಕಂಪನಿಗೆ ಹೊಳೆಯಿತು: ಕುರ್ಚಿಗಳು ಹೇಗೂ ಖಾಲಿ ಉಳಿದಿವೆ, ಅವುಗಳಲ್ಲಿ ನೆರಳುಗಳನ್ನು ಕೂರಿಸಿದರೆ ನೋಡಲು ಎಷ್ಟು ಚೆನ್ನ!

ಹೀಗೆ ವರ್ಷಕ್ಕೊಂದು ದಿನ ಅವರು ಮೀನಿಗೆ, ನಾವು ಕುರ್ಚಿಗೆ.

ಉದ್ದಣ್ಣ ನನಗೆ ಕೆಲಸ ಕಲಿಸಿದರು. ಮುಚ್ಚುಮರೆಯಿಲ್ಲದೆ ಕಲಿಸಿದರು. ನಿಮ್ಮ ಕಾನೂನು ಅಂದುಕೊಂಡ ಹಾಗೆಯೇ ಎಲ್ಲ ನಡೆಯಿತು, ಕೊನೆಯ ಒಂದು ಸಾಲಿನವರೆಗೆ. ಆ ಸಾಲು ಹೀಗಿದೆ: ಸಹವರ್ತಿ ಸಿದ್ಧರಾಗಿದ್ದಾರೆಂದು ತಜ್ಞರೇ ಬರೆದುಕೊಡಬೇಕು. ಬರೆದುಕೊಟ್ಟ ದಿನ ತಜ್ಞರ ಪರವಾನಗಿ ಮುಗಿಯುತ್ತದೆ. ಸ್ವಾಮಿ, ಶಾಲೆಯಲ್ಲಿ ಯಾವ ಹುಡುಗ ಪಾಸಾದರೂ ಮೇಷ್ಟ್ರ ಕೆಲಸ ಹೋಗುತ್ತದೆ ಎಂದು ನಿಯಮ ಮಾಡಿ, ಪರೀಕ್ಷೆಯನ್ನು ಆ ಮೇಷ್ಟ್ರ ಕೈಗೇ ಕೊಟ್ಟರೆ ಫಲಿತಾಂಶ ಏನಾಗುತ್ತದೆ? ಪ್ರತಿ ವರ್ಷ ನನ್ನ ಬಗ್ಗೆ ಉದ್ದಣ್ಣ ಬರೆಯುವ ವಾಕ್ಯ ಒಂದೇ: 'ಭರವಸೆ ಮೂಡಿಸಿದ್ದಾರೆ.' ಹತ್ತು ವರ್ಷದಿಂದ ನಾನು ಭರವಸೆ ಮೂಡಿಸುತ್ತಿದ್ದೇನೆ. ನನ್ನ ಕೂದಲಿನಲ್ಲಿ ಬಿಳಿ ಮೂಡಿದೆ, ಭರವಸೆ ಇನ್ನೂ ಮೂಡುತ್ತಲೇ ಇದೆ.

ಒಂದು ಸಲ ಕಿಂಡಿಯ ಹತ್ತಿರ ನಿಂತಿದ್ದಾಗ ನಾನೇ ಕೇಳಿದೆ.

"ನಿಜ ಹೇಳಿ, ನನಗೆ ಇನ್ನೂ ಏನು ಕಲಿಯೋದು ಬಾಕಿ ಇದೆ?"

ಅವರು ನೀಲಿ ಗಾಜನ್ನು ಕಣ್ಣಿಂದ ಇಳಿಸಲೇ ಇಲ್ಲ. "ಲೇ ಮೇಡಮ್, ನೀನು ರೆಡಿ ಆಗಿ ಯಾವ ಕಾಲ ಆಯ್ತು. ಆದ್ರೆ ನಾನು ಬರೆದ್ರೆ ನಾನು ಮನೆಗೆ. ಮಗಳು ಕಾಲೇಜಲ್ಲಿ. ಇನ್ನು ಸ್ವಲ್ಪ ದಿನ ನೀನು ರೆಡಿ ಆಗ್ಬೇಡ ಕಣೋ, ಪ್ಲೀಸ್."

ನಾನು ನಕ್ಕೆ. ಬೇರೆ ಏನು ಮಾಡಬೇಕಿತ್ತು? ಒಬ್ಬ ತಂದೆ ಬೇಡಿಕೊಳ್ಳುತ್ತಿದ್ದ. ನನಗೂ ಮನೆ ಇದೆ, ಮಗಳಿದ್ದಾಳೆ, ಅವಳೂ ಓದುತ್ತಾಳೆ ಎಂಬುದು ಆಗ ನನ್ನ ಬಾಯಿಗೆ ಬರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಬಂತು. ಇಂಥ ಮಾತುಗಳು ಯಾವಾಗಲೂ ಊಟಕ್ಕೆ ಕೂತಾಗಲೇ ಬರುತ್ತವೆ.

ಐದು ವರ್ಷದಲ್ಲಿ ಮುಗಿಯಬೇಕಾದದ್ದು ಹತ್ತು ಹೇಗಾಯಿತು ಎಂದು ಓದುಗರು ಕೇಳಬಹುದು. ಅದು ಬಹಳ ಸುಲಭ. ಮೊದಲ ಐದು ವರ್ಷ ಮುಗಿಯುವ ಹೊತ್ತಿಗೆ ಕೋಣೆಯ ಬಾಗಿಲಲ್ಲಿದ್ದ 'ಕುಲುಮೆ ಮುಖ್ಯಸ್ಥ' ಎಂಬ ಫಲಕವನ್ನು ಬಿಚ್ಚಿ, ಅದೇ ತಿರುಪುಗಳಿಂದ 'ದ್ರವೀಕರಣ ನಿರ್ದೇಶಕ' ಎಂಬ ಫಲಕ ಹಾಕಿದರು. ಹಳೆಯ ಹುದ್ದೆ ರದ್ದಾಯಿತು, ಹೊಸ ಹುದ್ದೆ ಹುಟ್ಟಿತು, ಹೊಸ ಹುದ್ದೆಗೆ ಹೊಸ ಐದು ವರ್ಷ. ಹೊಸ ಹುದ್ದೆಯಾದ್ದರಿಂದ ಸ್ಥಳೀಯರಿಗೆ ಮೊದಲು ಅವಕಾಶ ಕೊಡಬೇಕು, ಪ್ರಕಟಣೆ ಹಾಕಬೇಕು ಎಂಬ ನಿಯಮವೂ ಇದೆಯಲ್ಲ? ಹಾಕಿದರು. ಎಲ್ಲಿ ಹಾಕಬೇಕೆಂದು ನಿಮ್ಮ ನಿಯಮ ಹೇಳುವುದಿಲ್ಲ. ಆ ತಿಂಗಳು ಉದ್ದಣ್ಣ ರಜೆಯ ಮೇಲೆ ಊರಿಗೆ ಹೋಗಿದ್ದರು. ಪ್ರತಿ ವರ್ಷ ಅವರು ಹೋದಾಗ ಕುಲುಮೆಯನ್ನು ನಾನೇ ನೋಡಿಕೊಳ್ಳುತ್ತೇನೆ, ಕಾಗದದಲ್ಲಿ 'ದೂರವಾಣಿ ಮೂಲಕ ತಜ್ಞರ ಮೇಲ್ವಿಚಾರಣೆ' ಎಂದಿರುತ್ತದೆ. ಅವರು ದೂರವಾಣಿ ಮಾಡುವುದೂ ನಿಜ. "ಲೇ ಮೇಡಮ್, ನನ್ನ ಟೊಮೇಟೊ ಗಿಡಕ್ಕೆ ನೀರು ಹಾಕಿದ್ಯಾ?" ಎಂದು ಕೇಳುತ್ತಾರೆ. ಹಾಗೆ ನೀರು ಹಾಕಲು ತಜ್ಞರ ಅತಿಥಿಗೃಹಕ್ಕೆ ಹೋದವಳು, ಅವರ ಊಟದ ಕೋಣೆಯ ಗೋಡೆಯಲ್ಲಿ ನನ್ನದಾಗಬೇಕಿದ್ದ ಕೆಲಸಕ್ಕೆ ಅರ್ಜಿ ಕರೆದ ಪ್ರಕಟಣೆಯನ್ನು ಕಂಡೆ. ಆ ಕೋಣೆಯಲ್ಲಿ ಊಟ ಮಾಡುವವರಲ್ಲಿ ಸ್ಥಳೀಯರು ಎಂದರೆ ಹಲ್ಲಿಗಳು ಮಾತ್ರ. ಅರ್ಹತೆ: ಇದೇ ಮಾದರಿಯ ಕುಲುಮೆಯಲ್ಲಿ ಹತ್ತು ವರ್ಷದ ಅನುಭವ. ನಮ್ಮ ದೇಶದಲ್ಲಿ ಈ ಮಾದರಿಯ ಕುಲುಮೆ ಇದೊಂದೇ, ಹೊತ್ತಿಸಿ ಆಗ ಐದು ವರ್ಷವಾಗಿತ್ತು. ಅರ್ಜಿ ಸಲ್ಲಿಸುವ ಕೊನೆಯ ದಿನ ಹಿಂದಿನ ವಾರವೇ ಕಳೆದಿತ್ತು. 'ಅರ್ಹ ಸ್ಥಳೀಯರು ಯಾರೂ ಮುಂದೆ ಬರಲಿಲ್ಲ' ಎಂಬ ವರದಿ ನಿಮ್ಮ ಕಚೇರಿಗೆ ಬಂದಿತು, ನಿಮ್ಮ ಕಚೇರಿ ವಿಷಾದ ವ್ಯಕ್ತಪಡಿಸಿ ಒಪ್ಪಿಗೆ ಕೊಟ್ಟಿತು. ನಾನು ಟೊಮೇಟೊಗೆ ನೀರು ಹಾಕಿ ಮನೆಗೆ ಹೋದೆ.

ಹೊಸ ಹುದ್ದೆ ಎಂದ ಮೇಲೆ ಹೊಸ ತರಬೇತಿಯೂ ಬೇಕು. ಮೊದಲ ಪಾಠದ ಹೆಸರು 'ಗಾಜು ಎಂದರೇನು?' ಒಂದು ಕೋಣೆಯಲ್ಲಿ ನಾನೊಬ್ಬಳೇ ವಿದ್ಯಾರ್ಥಿ, ಉದ್ದಣ್ಣ ಒಬ್ಬರೇ ಮೇಷ್ಟ್ರು. ಫೋಟೋ ತೆಗೆಯುವವನು ಬಂದು ಹೋಗುವವರೆಗೆ ಅವರು ಬೋರ್ಡಿನ ಮೇಲೆ ಒಂದು ಬಾಟಲಿಯ ಚಿತ್ರ ಬರೆದು ಅದನ್ನೇ ತಿದ್ದುತ್ತಿದ್ದರು. ಇಬ್ಬರಿಗೂ ಒಬ್ಬರ ಮುಖ ಒಬ್ಬರು ನೋಡಲು ನಾಚಿಕೆ. ಆ ಫೋಟೋ ನಿಮ್ಮ ಇಲಾಖೆಯ ವಾರ್ಷಿಕ ವರದಿಯ ಮುಖಪುಟದಲ್ಲಿ ಬಂತು. ಕೆಳಗೆ 'ಜ್ಞಾನದ ಹಸ್ತಾಂತರ' ಎಂದು ಬರೆದಿತ್ತು. ಹಸ್ತಾಂತರವಾದ ವಸ್ತು ಅವತ್ತು ನಿಜವಾಗಿ ಒಂದೇ: ಬೋರ್ಡ್ ಒರೆಸುವ ಬಟ್ಟೆ.

ಇದನ್ನೆಲ್ಲ ನಡೆಸುವವರು ಹೊರದೇಶದವರೆಂದು ತಿಳಿಯಬೇಡಿ. ನಮ್ಮವರೇ ಒಬ್ಬರಿದ್ದಾರೆ, ಸಿಬ್ಬಂದಿ ವ್ಯವಸ್ಥಾಪಕರು. ಸ್ಥಳೀಯರಿಗೆ ನಿಜವಾಗಿಯೂ ಬಿಟ್ಟುಕೊಟ್ಟ ದೊಡ್ಡ ಹುದ್ದೆ ಅದೊಂದೇ. ಉಳಿದ ಹುದ್ದೆಗಳು ಏಕೆ ಸಿಗುವುದಿಲ್ಲ ಎಂದು ಸ್ಥಳೀಯರಿಗೆ ಸ್ಥಳೀಯ ಭಾಷೆಯಲ್ಲಿ ಹೇಳಲು ಒಬ್ಬರು ಬೇಕಲ್ಲ. ಯಾರು ಏನು ಕೇಳಿದರೂ "ಸಮಾಧಾನ, ಸಮಾಧಾನ" ಎನ್ನುವುದರಿಂದ ಅವರ ಹೆಸರು ಸಮಾಧಾನಿ. ನಿಮ್ಮ ಶೇಕಡಾವಾರು ಲೆಕ್ಕಕ್ಕೆ ವ್ಯವಸ್ಥಾಪಕ ದರ್ಜೆಯ ಸ್ಥಳೀಯರು ಸಾಲದೆ ಬಂದಾಗ, ಗೇಟು ಕಾಯುವವರನ್ನು 'ಪ್ರವೇಶ ನಿಯಂತ್ರಣ ಅಧಿಕಾರಿ' ಎಂದೂ ತೋಟದ ಮುದುಕರನ್ನು 'ಹಸಿರು ವ್ಯವಸ್ಥಾಪಕ' ಎಂದೂ ಒಂದೇ ಮಧ್ಯಾಹ್ನದಲ್ಲಿ ಬಡ್ತಿಗೇರಿಸಿದವರು ಅವರೇ. ತೋಟದ ಮುದುಕರು ಆದೇಶವನ್ನು ತಿರುಗಿಸಿ ಮುರುಗಿಸಿ ನೋಡಿ, "ಸಾರ್, ವ್ಯವಸ್ಥಾಪಕ ಅಂದ್ಮೇಲೆ ನೀರು ಹಾಕೋದು ಬಿಟ್ಬಿಡ್ಲಾ?" ಎಂದು ಕೇಳಿದರು.

"ಛೆ ಛೆ, ಹಾಕಿ. ಆದ್ರೆ ಇನ್ಮೇಲೆ ವ್ಯವಸ್ಥಿತವಾಗಿ ಹಾಕಿ."

ತಪಾಸಣೆಗೆ ಮುಂಚೆ ಸಮಾಧಾನಿಯವರು ನಮಗೆಲ್ಲ ತಾಲೀಮು ಮಾಡಿಸುತ್ತಾರೆ. ನೆರಳುಗಳನ್ನು ಸಾಲಾಗಿ ನಿಲ್ಲಿಸಿಕೊಂಡು ಅವರು ಹೇಳುವ ಮಾತನ್ನು ನಾನು ಇದ್ದದ್ದು ಇದ್ದಂತೆ ಕೊಡುತ್ತೇನೆ: "ನೋಡಿ, ಆಯುಕ್ತರು ಏನಾದ್ರೂ ಕೇಳಿದ್ರೆ ತುಂಬಾ ಗೊತ್ತಿರೋರ ಥರ ಮಾತಾಡ್ಬೇಡಿ. ಏನೂ ಗೊತ್ತಿಲ್ದೋರ ಥರಾನೂ ಮಾತಾಡ್ಬೇಡಿ. ಕಲೀತಾ ಇರೋರ ಥರ ಮಾತಾಡಿ." ಪ್ರಯೋಗಾಲಯದ ನೆರಳು, ಅವನು ಸ್ವಲ್ಪ ತುಂಟ, "ಸಾರ್, ಮುಖ ಹೇಗಿಟ್ಕೋಬೇಕು?" ಎಂದ. "ಮುಖ ಈಗಿರೋ ಹಾಗೇ ಇರ್ಲಿ, ಚೆನ್ನಾಗಿದೆ" ಎಂದರು ಸಮಾಧಾನಿ.

ಈಗ ಕುರ್ಚಿಗೆ ಬರುತ್ತೇನೆ. ತಪಾಸಣೆಗಾಗಿ ಮೊತ್ತಮೊದಲ ಸಲ ಉದ್ದಣ್ಣನ ಕುರ್ಚಿಯಲ್ಲಿ ಕೂತಾಗ ನಾನು ಯಾರಾದರೂ ಮಾಡಬಹುದಾದ ಕೆಲಸವನ್ನೇ ಮಾಡಿದೆ: ಬಲಗಡೆ ಇರುವ ಹಿಡಿಯನ್ನು ಎಳೆದು ಕುರ್ಚಿಯನ್ನು ನನ್ನ ಎತ್ತರಕ್ಕೆ ಇಳಿಸಿಕೊಂಡೆ. ಮರುದಿನ ಉದ್ದಣ್ಣ ಮೀನಿನ ಗುಂಗಿನಲ್ಲಿ ಬಂದವರು, ಕುರ್ಚಿ ಇದ್ದಲ್ಲೇ ಇದೆ ಎಂದುಕೊಂಡು ಧೊಪ್ಪನೆ ಕೂತರು. ಅವರ ಬೆನ್ನು ಮೊದಲೇ ಸೂಕ್ಷ್ಮ. ಹಿಡಿದುಕೊಂಡಿತು. ಒಂದು ವಾರ ಅವರು ಸೋಫಾದ ಮೇಲೆ ಮಲಗಿಕೊಂಡೇ ಕುಲುಮೆಯ ಕಾವು ಕೇಳುತ್ತಿದ್ದರು, ಒಬ್ಬರಾದ ಮೇಲೊಬ್ಬರು ಬಂದು ಕುರ್ಚಿಯ ಎತ್ತರ ಸರಿಮಾಡಲು ನೋಡುತ್ತಿದ್ದರು. ಅದಾದ ಮೇಲೆ ಸಮಾಧಾನಿಯವರ ಆದೇಶ ಹೊರಟಿತು: ಸಹವರ್ತಿಗಳು ತಜ್ಞರ ಕುರ್ಚಿಯ ಹಿಡಿಯನ್ನು ಯಾವ ಕಾರಣಕ್ಕೂ ಮುಟ್ಟತಕ್ಕದ್ದಲ್ಲ. ಹಿಡಿಗೆ ಹಳದಿ ಟೇಪು ಸುತ್ತಿದರು. ಅಂದಿನಿಂದ ನಮ್ಮ ಕಾರ್ಖಾನೆಯಲ್ಲಿ ಇದು ಒಂದು ಸಂಪ್ರದಾಯವೇ ಆಗಿದೆ. ತಪಾಸಣೆಯ ದಿನ ಮೇಜಿನ ಹಿಂದೆ ಸಾಲು ಸಾಲಾಗಿ ಸ್ಥಳೀಯ ನಿರ್ದೇಶಕರು ಕೂತಿರುತ್ತಾರೆ, ಮೇಜಿನ ಕೆಳಗೆ ಎಲ್ಲರ ಕಾಲುಗಳೂ ಗಾಳಿಯಲ್ಲಿ ಜೋಲಾಡುತ್ತಿರುತ್ತವೆ.

ನಮ್ಮ ಅತ್ತೆಗೆ ಈ ಕಥೆ ಬಹಳ ಇಷ್ಟ. ಬೀದಿಯಲ್ಲಿ ಸಿಕ್ಕಿದವರಿಗೆಲ್ಲ "ನಮ್ಮ ಸೊಸೆ ಡೈರೆಕ್ಟ್ರು ಕಣ್ರೀ, ವರ್ಷಕ್ಕೊಂದಿನ" ಎನ್ನುತ್ತಾರೆ. ನನ್ನ ಗಂಡ ಬಸ್ ಕಂಡಕ್ಟರ್; ಅವರ ದೃಷ್ಟಿ ವೃತ್ತಿಪರವಾದದ್ದು. "ನಮ್ಮಲ್ಲೂ ಚೆಕಿಂಗ್ ಬರ್ತಾರೆ. ಯಾವ ಸ್ಟಾಪಲ್ಲಿ ಹತ್ತುತಾರೆ ಅಂತ ಮೊದ್ಲೇ ಗೊತ್ತಿದ್ರೆ ಆ ಸ್ಟಾಪಲ್ಲಿ ಎಲ್ಲರ ಕೈಲೂ ಟಿಕೆಟ್ ಇರುತ್ತೆ. ಮುಂದಿನ ಸ್ಟಾಪಲ್ಲಿ ಹತ್ತಿದ್ರೆ ಗೊತ್ತಾಗೋದು."

ಮಾನ್ಯರೇ, ಹೋದ ವರ್ಷದ ತಪಾಸಣೆ ನಿಮಗೆ ನೆನಪಿದೆಯೇ? ನೀವು ನನ್ನ ಕೋಣೆಗೆ ಬಂದಿರಿ. ಅಂದರೆ ಅವತ್ತಿನ ಮಟ್ಟಿಗೆ ನನ್ನದಾದ ಕೋಣೆಗೆ. ಗೋಡೆಯಲ್ಲಿ ಉದ್ದಣ್ಣನ ಮಗಳ ಫೋಟೋ ಇತ್ತು, ತೆಗೆಯುವುದು ಮರೆತುಹೋಗಿತ್ತು. ನೀವು ಅದನ್ನು ನೋಡಿದಿರಿ, ನನ್ನನ್ನು ನೋಡಿದಿರಿ, ಮತ್ತೆ ಅದನ್ನು ನೋಡಿದಿರಿ. ಆಮೇಲೆ ನಿಮ್ಮ ಪೆನ್ನು ಕೆಳಗೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದಿರಿ. ಮೇಲೆದ್ದಾಗ ನಿಮ್ಮ ಮುಖದಲ್ಲಿ ಒಂದು ಸಣ್ಣ ನಗೆ ಇತ್ತು.

"ಯಾಕಮ್ಮಾ, ಕುರ್ಚಿ ಸ್ವಲ್ಪ ಎತ್ತರ ಆಯ್ತಾ?"

"ಹೊಸದು ಸಾರ್" ಎಂದೆ. ಕಲಿಯುತ್ತಿರುವವರ ಹಾಗೆ.

ನೀವು ನಕ್ಕಿರಿ. ನೀವು ನಕ್ಕಿದ್ದಕ್ಕೆ ಸಮಾಧಾನಿ ನಕ್ಕರು, ಅವರು ನಕ್ಕಿದ್ದಕ್ಕೆ ನಿಮ್ಮ ಗುಮಾಸ್ತರು ನಕ್ಕರು, ಎಲ್ಲರೂ ನಗುವಾಗ ನಾನೊಬ್ಬಳು ಗಂಭೀರವಾಗಿದ್ದರೆ ಚೆನ್ನಾಗಿರುವುದಿಲ್ಲವೆಂದು ನಾನೂ ನಕ್ಕೆ. ಬಿಸ್ಕತ್ತು ಬಂತು. ನೀವು 'ತೃಪ್ತಿಕರ' ಎಂದು ಬರೆದು ಹೊರಟಿರಿ. ನಿಮ್ಮ ಕಣ್ಣು ಮಂದವಾಗಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ, ಕನ್ನಡಕ ಮಾಡಿಸಿಕೊಳ್ಳಿ ಎಂದು ಮನಸ್ಸಿನಲ್ಲೇ ಹಾರೈಸುತ್ತಿದ್ದೆ. ನಿಮ್ಮ ಕಣ್ಣು ಬಹಳ ಚೆನ್ನಾಗಿದೆ. ನನ್ನ ನಿಜವಾದ ದೂರು ಅದೇ.

ನ್ಯಾಯವಾಗಿ ಹೇಳಬೇಕೆಂದರೆ ನೀವು ಏನೂ ಮಾಡಿಲ್ಲ ಎಂದಲ್ಲ. ಎರಡು ವರ್ಷದ ಹಿಂದೆ ನೀವೇ ಒಂದು ತಿದ್ದುಪಡಿ ತಂದಿರಿ: ಇನ್ನು ಮುಂದೆ ಹುದ್ದೆಯ ಹೆಸರು ಬದಲಾಯಿಸಿದರೂ ಐದು ವರ್ಷದ ಲೆಕ್ಕ ನಿಲ್ಲುವುದಿಲ್ಲ. ಆ ಸುದ್ದಿ ಓದಿದ ದಿನ ಉದ್ದಣ್ಣ ಬಾಗಿಲ ಫಲಕದ ತಿರುಪುಗಳನ್ನು ನೋಡುತ್ತಾ ಸುಮಾರು ಹೊತ್ತು ನಿಂತಿದ್ದರು. ಇದೇ ತಿಂಗಳ ಕೊನೆಗೆ ಎರಡನೆಯ ಐದು ವರ್ಷ ಮುಗಿಯುತ್ತದೆ. ಅವರು ಬರೆದುಕೊಡಲಿ ಬಿಡಲಿ, ತಿದ್ದುಪಡಿಯ ಪ್ರಕಾರ ಅವಧಿ ಮುಗಿದ ದಿನ ಕುರ್ಚಿ ಸಹವರ್ತಿಗೆ. ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ ಎಂದು ನಾನು ಸಂತೋಷಪಟ್ಟೆ. ಆದರೆ ನಿಮ್ಮ ತಿದ್ದುಪಡಿಯ ಕೊನೆಗೆ ಒಂದು ಸಣ್ಣ ವಾಕ್ಯವಿದೆ, ನಿಮಗೇ ಮರೆತುಹೋಗಿರಬಹುದು. ಸಹವರ್ತಿ ಸ್ವಇಚ್ಛೆಯಿಂದ ಬಿಟ್ಟುಹೋದರೆ, ಹೊಸ ಸಹವರ್ತಿಯೊಂದಿಗೆ ಲೆಕ್ಕ ಮೊದಲಿನಿಂದ.

ಹೋದ ವಾರ ಸಮಾಧಾನಿ ನನ್ನನ್ನು ತಮ್ಮ ಕೋಣೆಗೆ ಕರೆದರು. ಬಾಗಿಲು ಹಾಕಿಕೊಂಡರು. ಟೀ ತರಿಸಿದರು. ಅವರು ಟೀ ತರಿಸಿದರೆ ನಾವು ಹುಷಾರಾಗುತ್ತೇವೆ.

"ನಿಮಗೊಂದು ಒಳ್ಳೆ ಸುದ್ದಿ. ಕಂಪನಿ ಇನ್ನೊಂದು ದೇಶದಲ್ಲಿ ಕಾರ್ಖಾನೆ ಹಾಕಿದೆ. ಇದೇ ಮಾದರಿ ಕುಲುಮೆ. ಅಲ್ಲಿಗೆ ನೀವು ಮುಖ್ಯಸ್ಥರಾಗಿ ಹೋಗ್ಬೇಕು. ವಿದೇಶಿ ತಜ್ಞೆ ಅಂತ."

"ನಾನಾ?"

"ಹತ್ತು ವರ್ಷದ ಅನುಭವ ಇದೆಯಲ್ಲ! ಅಲ್ಲಿನ ಸರ್ಕಾರಕ್ಕೆ ನಿಮ್ಮ ಬಗ್ಗೆ ಬರೆದೂ ಆಯ್ತು. ಪೂರ್ಣ ಪರಿಣತಿ ಪಡೆದವರು ಅಂತ ತಜ್ಞರೇ ಸಹಿ ಹಾಕಿ ಕೊಟ್ಟಿದಾರೆ."

ಇಲ್ಲಿ ಭರವಸೆ, ಅಲ್ಲಿ ಪರಿಣತಿ. ಒಂದೇ ವಾರ, ಒಂದೇ ಪೆನ್ನು, ಒಬ್ಬಳೇ ಹೆಂಗಸು. ಗಡಿ ದಾಟಿದರೆ ನಾನು ಸಿದ್ಧಳು, ದಾಟದಿದ್ದರೆ ಇನ್ನೂ ಸ್ವಲ್ಪ ಬೇಯಬೇಕು. ಅನುವಾದವಾಗಿ ಬಂದ ಕಾದಂಬರಿಗಳನ್ನು ಓದುವ ಅಭ್ಯಾಸ ನನಗಿದೆ (ನೆರಳಿಗೆ ಓದಲು ಬಿಡುವು ಹೇರಳ). ಹೊರಗಿನಿಂದ ಬಂದದ್ದಕ್ಕೆ ಓದುಗರು ಕೊಡುವ ಮರ್ಯಾದೆ ನಾನು ಕಂಡಿದ್ದೇನೆ, ನಾನೇ ಕೊಟ್ಟಿದ್ದೇನೆ. ಆದರೆ ಅದೇ ಪುಸ್ತಕ ತನ್ನ ಊರಿನಲ್ಲಿ ಅಚ್ಚೇ ಆಗಿಲ್ಲ ಎಂಬಂಥ ಸಂಗತಿಯನ್ನು ಯಾವ ಕಾದಂಬರಿಯಲ್ಲೂ ಓದಿರಲಿಲ್ಲ.

"ಅಲ್ಲಿ ನನಗೆ ಸಹವರ್ತಿ ಇರ್ತಾರಾ?" ಎಂದು ಕೇಳಿದೆ.

"ಇರ್ತಾರೆ ಇರ್ತಾರೆ. ಅಲ್ಲೂ ಕಾನೂನಿದೆ. ಒಬ್ಬಳು ಹುಡುಗಿ, ತುಂಬಾ ಚುರುಕಂತೆ. ಅದರ ಬಗ್ಗೆ ನೀವು ತಲೆ ಕೆಡಿಸ್ಕೋಬೇಡಿ, ಅಲ್ಲೂ ನನ್ನಂಥವರೊಬ್ಬರು ಇದಾರೆ." ಮೇಜಿನ ಮೇಲೆ ಒಂದು ಹಾಳೆ ಸರಿಸಿದರು. "ಇಲ್ಲಿಗೊಂದು ಸ್ವಇಚ್ಛೆ ಅಂತ ಸಹಿ ಹಾಕಿ. ತಪಾಸಣೆ ಮುಗಿದ ಮರುದಿನದ ತಾರೀಖು ಹಾಕಿದ್ರೆ ಚೆನ್ನಾಗಿರುತ್ತೆ. ತಪಾಸಣೆ ದಿನ ನೀವು ಇರ್ಬೇಕಲ್ಲ, ಕುರ್ಚಿಗೆ."

ಯೋಚಿಸಿ ಹೇಳುತ್ತೇನೆ ಎಂದು ಟೀ ಕುಡಿದು ಎದ್ದೆ.

ಮನೆಯಲ್ಲಿ ಸಂಬಳ ಎಷ್ಟೆಂದು ಹೇಳಿದಾಗ ಮಲಗಿದ್ದ ಅತ್ತೆ ಎದ್ದು ಕೂತರು. ಗಂಡ ಬ್ಯಾಗು ಪಕ್ಕಕ್ಕಿಟ್ಟರು. ನಾನು ಸುಳ್ಳು ಹೇಳುವುದಿಲ್ಲ ಮಾನ್ಯರೇ, ಆಸೆಯಾಯಿತು. ಒಂದು ಸಲವಾದರೂ ಫಲಕದಲ್ಲಿ ನನ್ನ ಹೆಸರು, ನನ್ನ ಎತ್ತರದ ಕುರ್ಚಿ. ಇಲ್ಲಿ ಎದೆ ಬಡಿದುಕೊಂಡರೂ ಸಿಗದ್ದು ಅಲ್ಲಿ ಟೀ ಜೊತೆ ಸಿಗುತ್ತಿದೆ. ಮಗಳು ಪುಸ್ತಕದಿಂದ ತಲೆಯೆತ್ತದೆ, "ನಾನು ಯಾವ ಸ್ಕೂಲಿಗೆ ಹೋಗ್ಲಿ? ಅಪ್ಪನ ಬಸ್ಸು ಅಲ್ಲಿಗೆ ಬರುತ್ತಾ?" ಎಂದಳು. ಅತ್ತೆ ಒಂದಷ್ಟು ಹೊತ್ತು ಲೆಕ್ಕ ಹಾಕುತ್ತಿದ್ದವರು ಇದ್ದಕ್ಕಿದ್ದಂತೆ ಕೇಳಿದರು:

"ಅಲ್ಲ ಕಣೇ, ಅಲ್ಲೂ ತಪಾಸಣೆ ಇರುತ್ತಾ?"

"ಇರುತ್ತೆ ಅತ್ತೆ."

"ಆವತ್ತು ಆ ಹುಡುಗೀನ ನಿನ್ನ ಕುರ್ಚಿಯಲ್ಲಿ ಕೂರಿಸ್ತಾರೆ."

"ಹೂಂ."

"ನಿನ್ನನ್ನ ಮೀನು ಹಿಡಿಯೋಕೆ ಕಳಿಸ್ತಾರೆ."

ಹೌದೆಂದು ತಲೆಯಾಡಿಸಿದೆ.

"ನಿಂಗೆ ಮೀನು ಹಿಡಿಯೋಕೆ ಬರಲ್ವಲ್ಲೇ!"

ಗಂಡ ನಕ್ಕು ನಕ್ಕು ಕೆಮ್ಮಿದರು. ಮಗಳೂ ನಕ್ಕಳು. ನನಗೆ ಮಾತ್ರ ಎಲ್ಲೋ ಒಂದು ಕೋಣೆಯಲ್ಲಿ, ನಾನು ಬಿಟ್ಟುಹೋದ ಎತ್ತರದಲ್ಲಿ ಕೂತು, ಕಲಿಯುತ್ತಿರುವವರ ಮುಖ ಹೊತ್ತ ಒಬ್ಬ ಚುರುಕು ಹುಡುಗಿ ಕಾಣಿಸಿದಳು. ನಾನು ಗಿಡ್ಡಿ. ನನ್ನ ಕುರ್ಚಿಯಲ್ಲಿ ಅವಳ ಕಾಲು ನೆಲಕ್ಕೆ ತಾಗಬಹುದು, ಮೊಣಕಾಲು ಮೇಜಿಗೆ ಬಡಿಯಬಹುದು. ಅವಳ ದೂರು ಬೇರೆ ಥರ ಇರುತ್ತದೆ, ಅಷ್ಟೆ. ವರ್ಷ ವರ್ಷ ಅವಳ ಬಗ್ಗೆ 'ಭರವಸೆ ಮೂಡಿಸಿದ್ದಾಳೆ' ಎಂದು ಬರೆಯುವ ಕೈ ನನ್ನದಾಗಿರುತ್ತದೆ. ಯಾಕೆಂದರೆ ಅಷ್ಟು ಹೊತ್ತಿಗೆ ನನ್ನ ಮಗಳೂ ಕಾಲೇಜಿನಲ್ಲಿರುತ್ತಾಳೆ. ಅವತ್ತು ನಾನೂ ಕಿಂಡಿಯಿಂದ ಕಣ್ಣು ತೆಗೆಯದೆ, ಅವಳ ಭಾಷೆಯಲ್ಲಿ ನಾಲ್ಕು ತಪ್ಪು ಮಾಡಿ, ಇನ್ನು ಸ್ವಲ್ಪ ದಿನ ರೆಡಿ ಆಗಬೇಡ ಎನ್ನುತ್ತೇನೆ.

ಆದ್ದರಿಂದ ಆ ಹಾಳೆಗೆ ನಾನು ಸಹಿ ಹಾಕುವುದಿಲ್ಲ. ಸಮಾಧಾನಿಯವರು ಉತ್ತರಕ್ಕೆ ಕಾಯುತ್ತಿದ್ದಾರೆ. ಅವರು ಪತ್ರಿಕೆ ತರಿಸುತ್ತಾರೆ, ಉತ್ತರ ಇಲ್ಲಿಯೇ ಸಿಗುತ್ತದೆ. ಸಮಾಧಾನ, ಸಾರ್, ಸಮಾಧಾನ. ಇದನ್ನು ಓದಿದ ಮೇಲೆ ಕಂಪನಿ ಗುರುವಾರ ನನ್ನನ್ನು ಕುರ್ಚಿಯ ಹತ್ತಿರವೂ ಬಿಡದೆ ಇರಬಹುದು. ಉದ್ದಣ್ಣನಿಗೆ ಬೇಸರವಾಗಬಹುದು. ಅವರಿಗೆ ಹೇಳುವುದಿಷ್ಟೆ: ನಿಮ್ಮ ಮಗಳು ಓದಲಿ, ನೀವು ಕಲಿಸಿದ್ದು ಸುಳ್ಳಾಗದಿರಲಿ, ಟೊಮೇಟೊಗೆ ನಾನು ನೀರು ಹಾಕುತ್ತೇನೆ.

ಮಾನ್ಯರೇ, ನನ್ನ ಬೇಡಿಕೆ ಕಾನೂನಿನ ತಿದ್ದುಪಡಿಯಲ್ಲ, ಸಮಿತಿಯಲ್ಲ, ವಿಚಾರ ಸಂಕಿರಣವಂತೂ ಅಲ್ಲವೇ ಅಲ್ಲ. ನೀವು ಗುರುವಾರ ಬನ್ನಿ, ಬಿಸ್ಕತ್ತು ತಿನ್ನಿ, ತೃಪ್ತಿಕರ ಎಂದು ಬರೆಯಿರಿ. ಆಮೇಲೆ ಶುಕ್ರವಾರವೂ ಬನ್ನಿ. ಯಾರಿಗೂ ಹೇಳದೆ, ಸೂಚನೆ ಅಂಟಿಸದೆ, ಮೀನು ಹಿಡಿದವರು ವಾಪಸು ಬಂದಿರುವ ಹೊತ್ತಿಗೆ, ನಿಮ್ಮ ಪೆನ್ನನ್ನು ಇನ್ನೊಮ್ಮೆ ಬೀಳಿಸಲು ಬನ್ನಿ. ಕುರ್ಚಿಯಲ್ಲಿ ಯಾರಿದ್ದಾರೆ ನೋಡಿ. ಗುರುವಾರ ಕಂಡ ಮುಖವೇ ಅಲ್ಲಿದ್ದರೆ ನಿಮ್ಮ ಕಾನೂನು ಬದುಕಿದೆ. ನಾನಲ್ಲಿ ಇಲ್ಲದಿದ್ದರೆ ನಾನೆಲ್ಲಿದ್ದೇನೆ ಎಂದು ಒಮ್ಮೆ ಕೇಳಿ. ಗಟ್ಟಿಯಾಗಿ ಕೇಳಿ, ಹಸಿರು ವ್ಯವಸ್ಥಾಪಕರಿಗೂ ಕೇಳಿಸುವಷ್ಟು.

ನಾನಂತೂ ಎರಡೂ ದಿನ ಬರುತ್ತೇನೆ. ಗುರುವಾರ ಬೆಳಿಗ್ಗೆ, ನೀವು ಒಳಗೆ ಬರುವ ಮುಂಚೆ, ಹಿಡಿಗೆ ಸುತ್ತಿದ ಹಳದಿ ಟೇಪನ್ನು ಬಿಚ್ಚುತ್ತೇನೆ, ಕುರ್ಚಿಯನ್ನು ನನ್ನ ಕಾಲು ನೆಲಕ್ಕೆ ಊರುವಷ್ಟು ಇಳಿಸುತ್ತೇನೆ. ಯಾರ ಬೆನ್ನೂ ಹಿಡಿಯದಂತೆ ಬಾಗಿಲಿಗೆ ಒಂದು ಚೀಟಿ ಅಂಟಿಸುತ್ತೇನೆ: 'ಕುರ್ಚಿ ಇಳಿದಿದೆ, ನೋಡಿಕೊಂಡು ಕೂರಿ.' ಶುಕ್ರವಾರ ಅದರಿಂದ ಏಳುವುದಿಲ್ಲ. ಇಷ್ಟು ತೀರ್ಮಾನವಾಗಿದೆ. ಟೇಪು ಸದ್ಯಕ್ಕೆ ಹಾಗೆಯೇ ಇದೆ. ಇವತ್ತು ಸಂಜೆ ಮನೆಗೆ ಹೊರಡುವ ಮುಂಚೆ ಉಗುರಿನಿಂದ ಅದರ ಅಂಚು ಎಲ್ಲಿದೆ ಎಂದು ಹುಡುಕಿ ಇಟ್ಟು ಬಂದಿದ್ದೇನೆ.

ಇಂತಿ,
ಭರವಸೆ ಮೂಡಿಸುವುದನ್ನು ನಿಲ್ಲಿಸಬೇಕೆಂದಿರುವ,
ಕುಲುಮೆಯ ನೆರಳು
(ಗುರುವಾರದ ಮಟ್ಟಿಗೆ ದ್ರವೀಕರಣ ನಿರ್ದೇಶಕಿ)